ರಿಪೋರ್ಟ್ ನಾರ್ಮಲ್ ಬಂದರೂ ನೋವು ಉಳಿದರೆ

"ಪರೀಕ್ಷೆಗಳೆಲ್ಲ ನಾರ್ಮಲ್ ಬಂದಿವೆ, ಡಾಕ್ಟರು ಏನೂ ಇಲ್ಲ ಎನ್ನುತ್ತಾರೆ, ಎದೆಯಲ್ಲಿ ಚುಚ್ಚುವುದು ಮಾತ್ರ ನಿಂತಿಲ್ಲ. ಹಾಗಾದರೆ ನನ್ನ ನೋವು ಸುಳ್ಳೇ ಮೇಡಂ?" ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನಗೆ ಈ ಪ್ರಶ್ನೆ ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಪೋಷಕರ ಸಭೆ ಮುಗಿದ ಮೇಲೆ ತರಗತಿಯ ಬಾಗಿಲಲ್ಲಿ, ಎಲ್ಲೆಂದರಲ್ಲಿ ಎದುರಾಗುತ್ತದೆ. ನಾನು ವೈದ್ಯೆಯಲ್ಲ. ಆದರೆ ಒಂದು ವರ್ಷಕ್ಕೂ ಹೆಚ್ಚು ಕಾಲ ಇದೇ ಪ್ರಶ್ನೆಯನ್ನು ಹೊತ್ತು ತಿರುಗಿದವಳು, ಅದನ್ನು ಯಾರಿಂದಲೂ ಮುಚ್ಚಿಡದವಳು. ಆದ್ದರಿಂದಲೇ ಜನ ನನ್ನನ್ನು ಕೇಳುತ್ತಾರೆ.

ನಿಮ್ಮ ನೋವು ಸುಳ್ಳಲ್ಲ ಎಂಬುದೇ ನನ್ನ ಉತ್ತರದ ಮೊದಲ ಭಾಗ. ಪರೀಕ್ಷೆಯೊಂದು ನಾರ್ಮಲ್ ಎಂದರೆ, ಆ ಪರೀಕ್ಷೆ ಹುಡುಕಲು ಹೊರಟ ರೋಗ ಅಲ್ಲಿ ಕಾಣಲಿಲ್ಲ ಎಂದಷ್ಟೇ ಅರ್ಥ. ನೋವೇ ಇಲ್ಲ ಎಂದು ಹೇಳುವ ಯಂತ್ರ ಯಾವ ಲ್ಯಾಬಿನಲ್ಲೂ ಇಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ ನಲವತ್ತಾರು ವರ್ಷ. ಅಷ್ಟೊಂದು ವ್ಯಾಯಾಮ ಮಾಡುತ್ತಿದ್ದವರಿಗೇ ಹೀಗಾಯಿತಲ್ಲ ಎಂಬ ದಿಗಿಲು ಮನೆಮನೆಯನ್ನೂ ಹೊಕ್ಕಿತು. ಹೃದಯ ತಪಾಸಣೆಗೆಂದು ಆಸ್ಪತ್ರೆಗಳ ಮುಂದೆ ಸಾಲುಗಳು ಬೆಳೆದವು. ಅದಾದ ಎರಡು ವಾರಕ್ಕೆ, ಉತ್ತರ ಪತ್ರಿಕೆ ತಿದ್ದುತ್ತಿದ್ದಾಗ ನನ್ನ ಎಡ ಎದೆಯಲ್ಲಿ ಸೂಜಿ ಚುಚ್ಚಿದಂತಾಯಿತು. ಎಡಗೈ ಜೋಮು ಹಿಡಿಯಿತು, ತಲೆ ಹಗುರವಾಯಿತು. ಆ ರಾತ್ರಿಯೇ ಇಸಿಜಿ ತೆಗೆಸಿದೆ, ಸರಿಯಿತ್ತು. ಮುಂದಿನ ಎಂಟು ತಿಂಗಳಲ್ಲಿ ಮತ್ತೆ ನಾಲ್ಕು ಇಸಿಜಿ, ಎರಡು ಎಕೋ (ಹೃದಯದ ಸ್ಕ್ಯಾನ್), ಒಂದು ಟಿಎಂಟಿ (ಯಂತ್ರದ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಆದವು. ಪ್ರತಿ ಬಾರಿಯೂ ಫಲಿತಾಂಶ ಕೈಗೆ ಬಂದ ದಿನ ಹಾಯಾಗಿ ನಿದ್ದೆ ಬರುತ್ತಿತ್ತು. ಮೂರನೆಯ ದಿನಕ್ಕೆ, ಅವರು ಸರಿಯಾಗಿ ನೋಡಿದರೋ ಇಲ್ಲವೋ ಎಂಬ ಸಂಶಯ ಹುಟ್ಟುತ್ತಿತ್ತು. ಒಬ್ಬ ವೈದ್ಯರು ಕಡತವನ್ನು ನನ್ನ ಕಡೆ ತಳ್ಳಿ, "ಸುಮ್ಮನೆ ಟೆನ್ಶನ್ ಮಾಡಿಕೊಳ್ಳಬೇಡಿ" ಎಂದರು. ಆ ಮಾತಿನಿಂದ ಟೆನ್ಶನ್ ಹೋಗಲಿಲ್ಲ, ನೋವನ್ನು ಹೇಳಿಕೊಳ್ಳಲು ಇದ್ದ ಒಂದು ಜಾಗ ಹೋಯಿತು.

ನನಗೆ ದಾರಿ ತೋರಿಸಿದ್ದು ನಮ್ಮೂರಿನ ಒಬ್ಬ ಹಿರಿಯ ಫಿಸಿಷಿಯನ್. ಅವರು ಹೊಸ ಪರೀಕ್ಷೆ ಬರೆಯಲಿಲ್ಲ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಒಂದು ನಿಮಿಷ ಜೋರಾಗಿ, ಬೇಗಬೇಗನೆ ಉಸಿರಾಡಲು ಹೇಳಿದರು. ನಿಮಿಷ ಮುಗಿಯುವ ಮೊದಲೇ ಅದೇ ಜೋಮು, ಅದೇ ತಲೆ ಹಗುರ, ತುಟಿಯ ಸುತ್ತ ಅದೇ ಜುಮ್ಮೆನ್ನುವಿಕೆ ಬಂದವು. ವಿಜ್ಞಾನದ ಶಿಕ್ಷಕಿಯಾಗಿ ನನಗೆ ಗೊತ್ತಿರಬೇಕಾಗಿದ್ದ ಸಂಗತಿಯನ್ನೇ ಅವರು ವಿವರಿಸಿದರು: ಅಗತ್ಯಕ್ಕಿಂತ ಹೆಚ್ಚು ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದ ಮಿದುಳಿನ ರಕ್ತನಾಳಗಳು ಕೊಂಚ ಕಿರಿದಾಗಿ ತಲೆ ತೇಲಿದಂತಾಗುತ್ತದೆ, ರಕ್ತದ ಕ್ಷಾರೀಯತೆ ಏರಿ, ಕ್ಯಾಲ್ಸಿಯಂ ಅಯಾನುಗಳ ಪ್ರಮಾಣ ತಗ್ಗಿ, ನರಗಳು ತಾವಾಗಿಯೇ ಮಿಡಿಯತೊಡಗುತ್ತವೆ. ಹೆದರಿದವರು ತಮಗೇ ತಿಳಿಯದಂತೆ ಹೀಗೆ ಗಂಟೆಗಟ್ಟಲೆ ಉಸಿರಾಡುತ್ತಿರುತ್ತಾರೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳು ದಿನವಿಡೀ ಬಿಗಿದಿದ್ದರೆ ಅವೂ ಚುಚ್ಚುತ್ತವೆ. ಇನ್ನು ಎದೆ ಒಮ್ಮೆ ಮಿಡಿತ ತಪ್ಪಿದಂತಾಗುವುದು ಆರೋಗ್ಯವಂತರ ಹೃದಯದಲ್ಲೂ ಸಾಮಾನ್ಯ. ಬೇರೆಯವರು ಗಮನಿಸುವುದಿಲ್ಲ, ನಾವು ಕಿವಿಗೊಟ್ಟು ಕಾಯುತ್ತಿರುತ್ತೇವೆ. ಹೀಗೆ ಕಾಯುವ ಗಮನವೇ ಸಣ್ಣ ಸಂವೇದನೆಯನ್ನು ದೊಡ್ಡದು ಮಾಡುತ್ತದೆ.

ಇದರಲ್ಲಿ ಯಾವುದೂ ಕಲ್ಪನೆಯಲ್ಲ. ಎದೆ ಝಲ್ಲೆಂದಿತು, ಕರುಳು ಚುರ್ರೆಂದಿತು, ಬಾಯಿ ಒಣಗಿತು, ಕೈಕಾಲು ತಣ್ಣಗಾದವು ಎಂದು ಭಯ, ದುಃಖಗಳನ್ನು ದೇಹದ ಮಾತಿನಲ್ಲೇ ಹೇಳುವ ಭಾಷೆ ನಮ್ಮದು. ಆದರೂ ಆಸ್ಪತ್ರೆಗೆ ಹೋದ ಕೂಡಲೇ "ದೇಹದ್ದೋ ಮನಸ್ಸಿನದ್ದೋ, ಒಂದನ್ನು ಹೇಳಿ" ಎಂದು ಕೇಳುತ್ತೇವೆ. ವೈದ್ಯಶಾಸ್ತ್ರವೂ ಬಹುಕಾಲ ಹೀಗೆಯೇ ಕೇಳಿತು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗನಿರ್ಣಯದ ಕೈಪಿಡಿಯನ್ನು ಪರಿಷ್ಕರಿಸಿದಾಗ, ಇಂಥ ತೊಂದರೆಗಳಿಗೆ ಹೆಸರಿಡಲು ಲಕ್ಷಣಕ್ಕೆ ದೈಹಿಕ ಕಾರಣ ಸಿಕ್ಕಿರಲೇಬಾರದು ಎಂಬ ಹಳೆಯ ಒತ್ತಾಯವನ್ನು ಕೈಬಿಟ್ಟಿತು. ಲಕ್ಷಣದಿಂದ ಆಗುತ್ತಿರುವ ಸಂಕಟ ಎಷ್ಟು, ಅದರ ಸುತ್ತಲಿನ ಯೋಚನೆ ಬದುಕನ್ನು ಎಷ್ಟು ಆವರಿಸಿದೆ ಎಂಬುದು ಮುಖ್ಯವಾಯಿತು. ಇದು ಸಣ್ಣ ಬದಲಾವಣೆಯಲ್ಲ ಎಂದು ನನ್ನ ಭಾವನೆ.

ಉತ್ತರದ ಎರಡನೆಯ ಭಾಗ ಕೇಳುವವರಿಗೆ ಅಷ್ಟು ಹಿತವಾಗುವುದಿಲ್ಲ. ನೋವು ನಿಜವಾದರೂ, ಅದಕ್ಕಾಗಿ ನಾವು ಮತ್ತೆ ಮತ್ತೆ ಬೇಡುವ ಭರವಸೆಯೇ ಭಯಕ್ಕೆ ಮೇವಾಗುತ್ತದೆ. ಬ್ರಿಟನ್ನಿನ ಸಾಲ್ಕೋವ್‌ಸ್ಕಿಸ್ ಮತ್ತು ವಾರ್ವಿಕ್ ಎಂಬ ಇಬ್ಬರು ಸಂಶೋಧಕರು 1986ರಲ್ಲೇ ಇದನ್ನು ವಿವರಿಸಿದ್ದರು: ಪರೀಕ್ಷೆ, ವಿಚಾರಣೆ, ಮೈ ಮುಟ್ಟಿ ನೋಡಿಕೊಳ್ಳುವುದು ಇವು ಆತಂಕವನ್ನು ಸ್ವಲ್ಪ ಹೊತ್ತು ಇಳಿಸುತ್ತವೆ, ಆ ಇಳಿಕೆಯ ರುಚಿಯಿಂದಲೇ ಮುಂದಿನ ಬಾರಿ ಅವುಗಳ ಅಗತ್ಯ ಇನ್ನೂ ಹೆಚ್ಚುತ್ತದೆ. ನನ್ನ ಮೂರು ದಿನಗಳ ಲೆಕ್ಕ ಇದೇ ಆಗಿತ್ತು. ದಿನಕ್ಕೆ ಇಪ್ಪತ್ತು ಸಲ ನಾಡಿ ಹಿಡಿಯುತ್ತಿದ್ದೆ, ಮಧ್ಯರಾತ್ರಿ ಎದ್ದು ಮೊಬೈಲಿನಲ್ಲಿ ಹುಡುಕುತ್ತಿದ್ದೆ, ಮನೆಯವರನ್ನು "ನನ್ನ ಮುಖ ಬಿಳಿಚಿಕೊಂಡಿದೆಯಾ?" ಎಂದು ಕೇಳುತ್ತಿದ್ದೆ.

2025ರ ಜೂನ್, ಜುಲೈ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ದಿನವೂ ಬರತೊಡಗಿದಾಗ ಈ ಪ್ರಶ್ನೆ ಕೇಳುವವರು ಹತ್ತು ಪಟ್ಟಾದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಕು ಹರಿಯುವ ಮೊದಲೇ ಜನ ಸಾಲುಗಟ್ಟಿದ್ದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿಯು, ಹಿಂದಿನ ವರ್ಷಗಳಿಗೆ ಹೋಲಿಸಿದರೆ ಅಸಹಜ ಏರಿಕೆ ಕಂಡುಬಂದಿಲ್ಲವೆಂದು ವರದಿ ನೀಡಿತು. ಹಾಗೆಂದು ಸಾಲಿನಲ್ಲಿ ನಿಂತವರನ್ನು ನಾನು ದೂರಲಾರೆ. ಪಕ್ಕದ ಬೀದಿಯ ಹುಡುಗನ ಸಾವಿನ ಸುದ್ದಿ ಬೆಳಿಗ್ಗೆ ಬಂದು, ಮಧ್ಯಾಹ್ನ ನಿಮ್ಮ ಎದೆ ಹಿಡಿದುಕೊಂಡರೆ, ಅಂಕಿಅಂಶ ಸಮಾಧಾನ ಕೊಡುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು, ನಿಜವಾಗಿ ತೋರಿಸಲೇಬೇಕಾದ ಲಕ್ಷಣಗಳನ್ನು ತಿಳಿದಿರಬೇಕು. ಎದೆಯ ಮಧ್ಯೆ ಭಾರ ಹೇರಿದಂತಾಗುವುದು, ಮೆಟ್ಟಿಲು ಹತ್ತುವಾಗ ಬಂದು ಕುಳಿತಾಗ ತಗ್ಗುವ ನೋವು, ತೋಳಿಗೆ, ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ಪ್ರಜ್ಞೆ ತಪ್ಪುವುದು, ಮುಖ ಸೊಟ್ಟಗಾಗುವುದು, ಒಂದು ಬದಿ ಬಲ ಕಳೆದುಕೊಳ್ಳುವುದು ಇವು ಕಂಡರೆ ಯೋಚಿಸುತ್ತ ಕೂರದೆ 108ಕ್ಕೆ ಕರೆ ಮಾಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯದ ತೊಂದರೆ ಬರೀ ಸುಸ್ತು, ಓಕರಿಕೆ, ಉಬ್ಬಸವಾಗಿಯೂ ಕಾಣಿಸಬಹುದು. ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ಜ್ವರ, ಮಲದಲ್ಲಿ ರಕ್ತ ಇವೂ ತಡಮಾಡದೆ ತೋರಿಸಬೇಕಾದವು. ಆತಂಕದ ಸ್ವಭಾವದವರಿಗೂ ರೋಗ ಬರುತ್ತದೆ. ಹೊಸ ಬಗೆಯ ಲಕ್ಷಣವನ್ನು "ಇದೂ ಅದೇ ಇರಬೇಕು" ಎಂದು ತಳ್ಳಿಹಾಕಬಾರದು.

ಆಮೇಲೆ, ಒಬ್ಬರೇ ವೈದ್ಯರನ್ನು ಹಿಡಿದುಕೊಳ್ಳಿ. ನನ್ನ ಫಿಸಿಷಿಯನ್ ನೋವಿರಲಿ ಬಿಡಲಿ ಆರು ವಾರಕ್ಕೊಮ್ಮೆ ಬರಲು ಹೇಳಿದರು. ನಡುವೆ ಹಳೆಯ ಲಕ್ಷಣಕ್ಕೆ ಹೊಸ ಪರೀಕ್ಷೆ ಇಲ್ಲ ಎಂದು ಇಬ್ಬರೂ ಒಪ್ಪಿಕೊಂಡೆವು. ನೋವು ಬಂದಾಗಷ್ಟೇ ವೈದ್ಯರು ಸಿಗುತ್ತಾರೆ ಎಂಬ ಏರ್ಪಾಡು ತಪ್ಪಿದ್ದೇ ದೊಡ್ಡ ನೆಮ್ಮದಿಯಾಯಿತು. ನಾಡಿ ಹಿಡಿಯುವುದನ್ನು ಒಮ್ಮೆಲೇ ಬಿಡಲಾಗಲಿಲ್ಲ. ಹಿಡಿಯಬೇಕು ಎನಿಸಿದಾಗ ಹತ್ತು ನಿಮಿಷ ಮುಂದೂಡಿದೆ, ಆಮೇಲೆ ಅರ್ಧ ಗಂಟೆ. ನಾಡಿ ಹಿಡಿಯದಿದ್ದರೂ ಭಯ ಏರಿ, ನಿಂತು, ತಾನಾಗಿ ಇಳಿಯುತ್ತದೆ ಎಂಬುದನ್ನು ನನ್ನ ಮೈಯಲ್ಲೇ ಕಂಡೆ. ನಿಲ್ಲಿಸಿದ್ದ ಸಂಜೆಯ ನಡಿಗೆಯನ್ನು ವೈದ್ಯರ ಒಪ್ಪಿಗೆ ಪಡೆದು ಮತ್ತೆ ಶುರುಮಾಡಿದೆ.

ಇಷ್ಟರಿಂದ ಸಾಲದಿದ್ದಾಗ ಆಪ್ತಸಮಾಲೋಚಕರ ಬಳಿ ಹೋದೆ. "ಮನೋವ್ಯಾಧಿಗೆ ಮದ್ದಿಲ್ಲ" ಎಂಬ ಗಾದೆ ನಮ್ಮಲ್ಲಿ ಎಷ್ಟೋ ಜನರನ್ನು ಆ ಬಾಗಿಲಿಗೆ ಹೋಗದಂತೆ ತಡೆದಿದೆ, ಮತ್ತು ಅದು ನಿಜವಲ್ಲ. ಇಂಗ್ಲೆಂಡಿನ ಆಸ್ಪತ್ರೆಗಳ ಹೊರರೋಗಿಗಳಲ್ಲಿ ಆರೋಗ್ಯದ ಬಗ್ಗೆ ತೀವ್ರ ಆತಂಕವಿದ್ದ 444 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯೋಚನೆ ಮತ್ತು ವರ್ತನೆಯ ಸುಳಿಯನ್ನು ಬಿಡಿಸುವ ಕೆಲವೇ ಭೇಟಿಗಳ ಚಿಕಿತ್ಸೆ ಪಡೆದವರು ಮಾಮೂಲಿ ಆರೈಕೆಯಲ್ಲಿದ್ದವರಿಗಿಂತ ಸ್ಪಷ್ಟವಾಗಿ ಸುಧಾರಿಸಿದ್ದರು. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ದೂರ ಹೋಗಲಾಗದವರು 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಕೊನೆಗೆ, ಮನೆಯವರು ಕೇಳುವುದೂ ಉಂಟು, ನಾವೇನು ಹೇಳಬೇಕು ಎಂದು. "ನಿನಗೇನೂ ಇಲ್ಲ" ಎಂಬ ಮಾತು ಬೇಡ, ಅದು ನೋವನ್ನೇ ಅಲ್ಲಗಳೆಯುತ್ತದೆ; ಪ್ರತಿ ಸಲ ಮುಖ ನೋಡಿ, ಹಣೆ ಮುಟ್ಟಿ "ಸರಿಯಾಗಿದ್ದೀಯ" ಎನ್ನುವುದೂ ಬೇಡ. ನಾನು ನಮ್ಮ ಯಜಮಾನರಿಗೆ ಒಂದು ಮಾತು ಕೇಳಿಕೊಂಡಿದ್ದೆ, ಅವರು ಅದನ್ನು ಇವತ್ತಿಗೂ ನಡೆಸಿಕೊಂಡು ಬಂದಿದ್ದಾರೆ. ಪತ್ರಿಕೆ ತಿದ್ದುವ ದಿನಗಳಲ್ಲಿ ಆ ಚುಚ್ಚುವಿಕೆ ಈಗಲೂ ಒಮ್ಮೊಮ್ಮೆ ಬರುತ್ತದೆ. ಹೇಳಿದರೆ ಅವರು, "ನೋವಾಗ್ತಿದೆ ಅಲ್ವಾ, ನಾನು ಇಲ್ಲೇ ಇದ್ದೀನಿ" ಎಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ನಾನು ಮುಂದಿನ ಪತ್ರಿಕೆ ತೆಗೆದುಕೊಳ್ಳುತ್ತೇನೆ.