ಲಿನಕ್ಸ್ ಇರುವಾಗ ಇನ್ನೊಂದೇಕೆ?

"ಲಿನಕ್ಸ್ ಉಚಿತವಾಗಿ ಸಿಗುವಾಗ ನೀವೇಕೆ ಸ್ವಂತ ಆಪರೇಟಿಂಗ್ ಸಿಸ್ಟಂ ಬರೆಯುತ್ತೀರಿ? ಅದನ್ನು ಯಾರು ಬಳಸುತ್ತಾರೆ?" ಸಹೋದ್ಯೋಗಿಗಳು ಕೇಳುತ್ತಾರೆ, ಮದುವೆಮನೆಯಲ್ಲಿ ಸಿಕ್ಕ ನೆಂಟರೂ ಕೇಳುತ್ತಾರೆ. ಬಳಸುವವನು ನಾನೊಬ್ಬನೇ. ಏಕೆ ಎಂಬುದಕ್ಕೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು.

ಕೀಲಿಮಣೆಯಲ್ಲಿ 'ಎ' ಒತ್ತಿದರೆ ಪರದೆಯ ಮೇಲೆ 'ಎ' ಮೂಡುತ್ತದೆ. ಈ ನಡುವೆ ಏನೇನು ನಡೆಯಿತು? ವರ್ಷಗಟ್ಟಲೆ ಪ್ರೋಗ್ರಾಂ ಬರೆದವರಲ್ಲೂ ಹೆಚ್ಚಿನವರು ಇದನ್ನು ನಂಬಿಕೆಯ ಮೇಲೆ ಬಿಟ್ಟಿರುತ್ತಾರೆ. ಹಳೆಯ ಮಾದರಿಯ ಪಿಸಿಗೆ ಸ್ವಂತ ವ್ಯವಸ್ಥೆ ಬರೆಯುವವನಿಗೆ ಆ ಅನುಕೂಲವಿಲ್ಲ. ಆ ಕೀಲಿಯಿಂದ ಬರುವುದು ಅಕ್ಷರವಲ್ಲ, 30 ಎಂಬ ಸಂಖ್ಯೆ. ಬೆರಳು ತೆಗೆದಾಗ 158. ಎರಡನ್ನೂ 96ನೆಯ ಪೋರ್ಟ್‌ನಿಂದ, ಅಂದರೆ ಪ್ರೊಸೆಸರ್ ಸಾಧನದೊಡನೆ ಮಾತಾಡುವ ಬಾಗಿಲಿನಿಂದ, ಓದಿಕೊಳ್ಳಬೇಕು, ಶಿಫ್ಟ್ ಒತ್ತಿದೆಯೇ ಎಂದು ನೆನಪಿಟ್ಟುಕೊಳ್ಳಬೇಕು, ಕೊನೆಗೆ ಮೆಮೊರಿಯ 7,53,664ನೆಯ ವಿಳಾಸದಿಂದ ಶುರುವಾಗುವ ಜಾಗದಲ್ಲಿ ಎರಡು ಬೈಟ್ ಬರೆಯಬೇಕು: ಒಂದು ಅಕ್ಷರಕ್ಕೆ, ಇನ್ನೊಂದು ಬಣ್ಣಕ್ಕೆ. ಸಾಲಿಗೆ 80 ಅಕ್ಷರ, ಒಟ್ಟು 25 ಸಾಲು. ಇಡೀ ಪರದೆ 4,000 ಬೈಟ್‌ಗಳಲ್ಲಿ ಮುಗಿಯುತ್ತದೆ.

ಕೀಲಿ ಒತ್ತಿದ್ದು ಪ್ರೊಸೆಸರ್‌ಗೆ ತಿಳಿಯುವುದು ಇಂಟರಪ್ಟ್‌ನಿಂದ, ಅಂದರೆ ಕೈಯಲ್ಲಿರುವ ಕೆಲಸ ನಿಲ್ಲಿಸಿ ಇತ್ತ ನೋಡು ಎಂಬ ಸಂಕೇತದಿಂದ, ಮತ್ತು ಪ್ರತಿ ಇಂಟರಪ್ಟ್‌ಗೂ ಒಂದು ಸಂಖ್ಯೆಯಿದೆ. ಮೊದಲ 32 ಸಂಖ್ಯೆಗಳನ್ನು ಇಂಟೆಲ್ ಪ್ರೊಸೆಸರ್‌ನ ಸ್ವಂತ ಬಳಕೆಗೆ ಕಾದಿರಿಸಿತ್ತು. 1981ರಲ್ಲಿ ಐಬಿಎಂ ಪಿಸಿ ಬಂದಾಗ, ಅದನ್ನು ರೂಪಿಸಿದವರು 8ರಿಂದ 15ರವರೆಗಿನವನ್ನು ಟೈಮರ್, ಕೀಲಿಮಣೆ ಮುಂತಾದ ಸಾಧನಗಳಿಗೆ ಕೊಟ್ಟುಬಿಟ್ಟರು. ಆಗ ತೊಂದರೆಯಾಗಲಿಲ್ಲ. ಮುಂದೆ ಬಂದ ಪ್ರೊಸೆಸರ್‌ಗಳಲ್ಲಿ 8ಕ್ಕೆ ಡಬಲ್ ಫಾಲ್ಟ್ ಎಂಬ ಅರ್ಥ ಬಂತು, ಅಂದರೆ ಒಂದು ದೋಷವನ್ನು ನಿಭಾಯಿಸುವಾಗಲೇ ಎದುರಾದ ಇನ್ನೊಂದು ದೋಷ. ಹಾಗಾಗಿ ಪ್ರೋಗ್ರಾಂಗಳು ಒಂದರ ಮೆಮೊರಿಯನ್ನು ಇನ್ನೊಂದು ಕೆಡಿಸದಂತೆ ಕಾಯಬಲ್ಲ, 32 ಬಿಟ್‌ನ ಪ್ರೊಟೆಕ್ಟೆಡ್ ಮೋಡ್‌ಗೆ ಹೋಗಿ ಇಂಟರಪ್ಟ್‌ಗಳನ್ನು ಹಾಗೆಯೇ ತೆರೆದರೆ, ಸೆಕೆಂಡಿಗೆ ಸುಮಾರು 18 ಬಾರಿ ಮಿಡಿಯುವ ಸಾಧುವಾದ ಟೈಮರ್ ಕೂಡ ಮಹಾದೋಷದ ವೇಷದಲ್ಲಿ ಬರುತ್ತದೆ. ಅದಕ್ಕೇ ಇಂಟರಪ್ಟ್‌ಗಳನ್ನು ಪ್ರೊಸೆಸರ್‌ಗೆ ತಲುಪಿಸುವ 8259 ಎಂಬ ನಿಯಂತ್ರಕ ಚಿಪ್‌ಗೆ ಮೊದಲೇ ಆದೇಶ ಕೊಟ್ಟು ಆ ಸಂಖ್ಯೆಗಳನ್ನು 32ರ ಆಚೆಗೆ ಸರಿಸಬೇಕು. ನಾಲ್ಕು ದಶಕಗಳ ಹಿಂದೆ ಯಾರೋ ಕೈಗೊಂಡ ತೀರ್ಮಾನವನ್ನು ಇವತ್ತು ನನ್ನ ಕೋಡ್ ತಿದ್ದುತ್ತದೆ. ಕಂಪ್ಯೂಟರ್ ಎಂಬುದು ಮನುಷ್ಯರ ತೀರ್ಮಾನಗಳ ರಾಶಿ ಎಂಬುದು ನನಗೆ ನಿಜವಾಗಿ ತಿಳಿದದ್ದು ಇಲ್ಲಿ. ಈ ತಿಳಿವಳಿಕೆಗಾಗಿಯೇ ನಾನು ಬರೆಯುತ್ತೇನೆ.

ಲಿನಕ್ಸ್ ಓದಿಯೇ ಇದನ್ನು ಕಲಿಯಬಹುದಲ್ಲ ಎನ್ನುವವರಿದ್ದಾರೆ. 2 ಕೋಟಿಗೂ ಹೆಚ್ಚು ಸಾಲುಗಳ ಅದರ ಕರ್ನಲ್‌ನಲ್ಲಿ, ಅಂದರೆ ವ್ಯವಸ್ಥೆಯ ತಿರುಳಿನಲ್ಲಿ, ಹೊಸಬರು ದಾರಿ ತಪ್ಪುವುದೇ ಹೆಚ್ಚು. 1991ರ ಆಗಸ್ಟ್‌ನಲ್ಲಿ ಅದನ್ನು ಬರೆದ ಲಿನಸ್ ಟೋರ್ವಾಲ್ಡ್ಸ್ ಅದರ ಸುದ್ದಿಯನ್ನು ಮೊದಲು ಪ್ರಕಟಿಸಿದಾಗ ಬರಿಯ ಹವ್ಯಾಸವೆಂದೇ ಕರೆದಿದ್ದರು ಎಂಬುದನ್ನೂ ಇವರು ನೆನಪಿಡಬೇಕು.

ನನ್ನ ಮನಸ್ಸು ಈಗ ನೆಟ್ಟಿರುವುದು ಕನ್ನಡದ ಮೇಲೆ. ಆ 4,000 ಬೈಟ್‌ಗಳ ಪರದೆಯಲ್ಲಿ ಒಂದು ಮನೆಗೆ ಒಂದೇ ಚಿತ್ರ, ಸಾಮಾನ್ಯವಾಗಿ ಒಟ್ಟು 256 ಚಿತ್ರಗಳು. ಕಾಗುಣಿತ, ಒತ್ತಕ್ಷರಗಳಿಗೆ ಅಲ್ಲಿ ಜಾಗ ಸಾಲದು. ಪಠ್ಯದ ಪರದೆಯನ್ನು ಬಿಟ್ಟು ಚುಕ್ಕಿ ಚುಕ್ಕಿಯಾಗಿ ಚಿತ್ರಿಸುವ ವಿಧಾನಕ್ಕೆ ಬರಲೇಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಲಿಪಿಗಳ ಅಕ್ಷರಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳಿವೆ. 'ಸೂರ್ಯ' ಎಂಬುದು ಮೆಮೊರಿಯಲ್ಲಿ ಸ, ಊಕಾರದ ಚಿಹ್ನೆ, ರ, ಹಲಂತ, ಯ ಎಂದು ಸಾಲಾಗಿ ಕೂರುತ್ತದೆ. ಪರದೆಯಲ್ಲಿ ಮಾತ್ರ ಮೊದಲು ಬಂದ ರ, ಯ ಅಕ್ಷರದ ಬಲಕ್ಕೆ ಹೋಗಿ ಅರ್ಕಾವೊತ್ತಾಗಬೇಕು. ಮೊಬೈಲ್‌ನಲ್ಲಿ ಕನ್ನಡ ಓದುವ ಪ್ರತಿ ಕ್ಷಣವೂ ಯಾವುದೋ ಪ್ರೋಗ್ರಾಂ ಈ ಸ್ಥಾನಪಲ್ಲಟ ಮಾಡುತ್ತಿರುತ್ತದೆ. ಆ ನಿಯಮಗಳನ್ನು ನಾನೇ ಬರೆಯುವುದರಲ್ಲಿ ನನಗೆ ಎಲ್ಲಿಲ್ಲದ ಸಂತೋಷವಿದೆ.

ಎಲ್ಲಿಂದ ಶುರು ಮಾಡಲಿ ಎಂದು ಕೇಳುವ ವಿದ್ಯಾರ್ಥಿಗಳಿಗೆ: ನಿಜವಾದ ಯಂತ್ರ ಬೇಡ, ಫ್ಯಾಬ್ರಿಸ್ ಬೆಲ್ಲಾರ್ಡ್ ಆರಂಭಿಸಿದ ಕ್ಯೂಎಂಯು ಎಂಬ ಎಮ್ಯುಲೇಟರ್, ಅಂದರೆ ಯಂತ್ರವನ್ನು ಅನುಕರಿಸುವ ಪ್ರೋಗ್ರಾಂ, ಸಾಕು. 512 ಬೈಟ್‌ಗಳ ಒಂದು ಕಡತ ಮಾಡಿ. ಕೊನೆಯ ಎರಡು ಬೈಟ್ 85 ಮತ್ತು 170 ಆಗಿರಲಿ. ಆ ಗುರುತನ್ನು ನೋಡಿಯೇ, ಯಂತ್ರ ಶುರುವಾದೊಡನೆ ಓಡುವ ಬಯೋಸ್ ಎಂಬ ಪ್ರೋಗ್ರಾಂ ಆ ಕಡತವನ್ನು 31,744ನೆಯ ವಿಳಾಸಕ್ಕೆ ತುಂಬಿಕೊಂಡು ಅಲ್ಲಿಗೆ ಜಿಗಿಯುತ್ತದೆ. ಮೊದಲು ಒಂದೇ ಒಂದು ಅಕ್ಷರ ತೋರಿಸಿ. ಆಮೇಲೆ ಪರದೆಯನ್ನು ಅಂದಗೊಳಿಸಲು ಹೋಗದೆ, ಒಂದೊಂದೇ ಬಿಟ್ ಆಗಿ ಮಾಹಿತಿ ಹೊರಗೆ ಕಳಿಸುವ ಸೀರಿಯಲ್ ಪೋರ್ಟ್‌ಗೆ ಸಂದೇಶ ಕಳಿಸುವ ಕೋಡ್ ಬರೆಯಿರಿ. ಪರದೆ ಕಪ್ಪಾಗಿ ಯಂತ್ರ ಮತ್ತೆ ಮತ್ತೆ ರೀಬೂಟ್ ಆಗತೊಡಗಿದಾಗ, ಎಲ್ಲಿಯವರೆಗೆ ಬಂದಿತ್ತು ಎಂದು ಹೇಳುವುದು ಅದೊಂದೇ.