ಜೋಡಿಸಿಟ್ಟ ನದಿಮೂಲ

ಋಷಿಮೂಲ, ನದಿಮೂಲ ಹುಡುಕಬಾರದು ಎನ್ನುತ್ತಾರೆ. ಅಮೆರಿಕದಲ್ಲಿರುವ ಮಗಳು ಬೇಸಿಗೆ ರಜೆಯಲ್ಲಿ ಡೇರೆ ಕಟ್ಟಿಕೊಂಡು ನನ್ನನ್ನು ಹೊರಡಿಸಿದ್ದೇ ನದಿಮೂಲಕ್ಕೆ. ಮಿನ್ನೆಸೊಟಾ ರಾಜ್ಯದ ಇಟಾಸ್ಕಾ ಸರೋವರ. ಮಿಸ್ಸಿಸಿಪ್ಪಿ ಹುಟ್ಟುವ ಜಾಗ.

ಡೇರೆ ನಿಲ್ಲಿಸಲು ಅಳಿಯನಿಗೆ ಒಂದು ಗಂಟೆ ಬೇಕಾಯಿತು. ಸೊಳ್ಳೆಗಳಿಗೆ ನಮ್ಮನ್ನು ಹುಡುಕಲು ಒಂದು ನಿಮಿಷ ಸಾಕಾಯಿತು. ರಾತ್ರಿಯಿಡೀ ಲೂನ್ ಹಕ್ಕಿ ಯಾರನ್ನೋ ಕಳೆದುಕೊಂಡವರಂತೆ ಕೂಗುತ್ತಿತ್ತು.

ಬೆಳಿಗ್ಗೆ ನೋಡಿದರೆ ಸರೋವರದ ನೀರು ಒಂದು ಸಾಲು ಬಂಡೆಗಳ ಸಂದಿಯಿಂದ ಹೊರಬೀಳುತ್ತಿದೆ, ಅಷ್ಟೇ. ಪಕ್ಕದ ಮರದ ಕಂಬದ ಮೇಲೆ ಮೆಕ್ಸಿಕೊ ಕೊಲ್ಲಿಗೆ 2,552 ಮೈಲಿ ಎಂದು ಬರೆದಿದ್ದಾರೆ. ಸೀರೆ ಎತ್ತಿ ಹಿಡಿದು ನಾನೂ ಮಿಸ್ಸಿಸಿಪ್ಪಿಯನ್ನು ದಾಟಿದೆ. ಮೊಮ್ಮಗಳು ಲೆಕ್ಕವಿಲ್ಲದಷ್ಟು ಸಲ ದಾಟಿದಳು.

ಆಮೇಲೆ ಮಾಹಿತಿ ಕೇಂದ್ರಕ್ಕೆ ಹೋಗಬಾರದಿತ್ತು. ಇಲ್ಲಿ ಮೊದಲು ಇದ್ದದ್ದು ಜೌಗು. 1930ರ ದಶಕದಲ್ಲಿ ಕೂಲಿಯವರು ಮಣ್ಣು ತುಂಬಿ, ಕಾಲುವೆ ತಿದ್ದಿ, ನೋಡಲು ಚೆಂದವಿರಲಿ ಎಂದು ಈ ಬಂಡೆಗಳನ್ನು ಜೋಡಿಸಿದರಂತೆ. ಹೆಸರೂ ಜೋಡಿಸಿದ್ದೇ. 1832ರಲ್ಲಿ ಬಂದ ಸ್ಕೂಲ್‌ಕ್ರಾಫ್ಟ್ ಎಂಬಾತ ಲ್ಯಾಟಿನ್ನಿನ ‘ವೆರಿಟಾಸ್ ಕಾಪುಟ್’ (ಸತ್ಯ, ತಲೆ) ಎಂಬ ಎರಡು ಪದಗಳ ತಲೆ, ಬಾಲ ಕತ್ತರಿಸಿ ‘ಇಟಾಸ್ಕಾ’ ಮಾಡಿದ. ಅವನನ್ನು ಅಲ್ಲಿಗೆ ಕರೆದುಕೊಂಡು ಹೋದವನು ಅಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನರ ಮುಖಂಡ ಓಜಾವಿಂಡಿಬ್. ದಾರಿ ಗೊತ್ತಿದ್ದವನು ಒಬ್ಬ, ಕಂಡುಹಿಡಿದವನೆಂಬ ಹೆಸರು ಇನ್ನೊಬ್ಬನಿಗೆ!

ಮನಸ್ಸು ಹಿಡಿದದ್ದು ಮೇರಿ ಗಿಬ್ಸ್ ಕಥೆ. 1891ರಲ್ಲೇ ಇದು ಉದ್ಯಾನವಾಗಿದ್ದರೂ ಮರ ಕಡಿಯುವವರ ಹಾವಳಿ ನಿಂತಿರಲಿಲ್ಲ. ದಿಮ್ಮಿ ಸಾಗಿಸಲು ಅವರು ಅಣೆಕಟ್ಟಿನ ಬಾಗಿಲು ಮುಚ್ಚಿ ನೀರು ನಿಲ್ಲಿಸುತ್ತಿದ್ದರು. ದಡದ ಪೈನ್ ಮರಗಳು ಮುಳುಗಿ ಸಾಯುತ್ತಿದ್ದವು. 1903ರಲ್ಲಿ ತಂದೆ ತೀರಿಕೊಂಡ ಮೇಲೆ ಉದ್ಯಾನದ ಹೊಣೆ ಹೊತ್ತ ಮೇರಿಗೆ 24 ವರ್ಷ. ಬಾಗಿಲು ಮುಟ್ಟಿದರೆ ಗುಂಡು ಹಾರಿಸುತ್ತೇವೆ ಎಂದು ಬೆದರಿಸಿದವರ ಎದುರಿಗೇ ಹೋಗಿ ಅದಕ್ಕೆ ಕೈಯಿಟ್ಟಳು. ಅಲ್ಲಿನ ಹಳೆಯ ಪೈನ್ ಮರಗಳ ಕೆಳಗೆ ನಿಂತು ಕತ್ತೆತ್ತಿದರೆ ತುದಿ ಕಾಣುವುದಿಲ್ಲ.

ಹೊರಡುವಾಗ ಮೊಮ್ಮಗಳ ಜೇಬು ಜೋತಾಡುತ್ತಿತ್ತು. ಒಳಗೆ ನದಿಯ ಕಲ್ಲು. ಉದ್ಯಾನದಿಂದ ಏನನ್ನೂ ಒಯ್ಯುವಂತಿಲ್ಲ, ಇಟ್ಟು ಬಾ ಎಂದು ಅವಳಮ್ಮ ಗದರಿದಳು. ಹುಡುಗಿ ಓಡಿಹೋಗಿ, ಎತ್ತಿಕೊಂಡ ಜಾಗದಲ್ಲಿ ಇಡದೆ, ಬಂಡೆಗಳ ಸಾಲಿನ ಒಂದು ಸಂದಿಗೆ ಸಿಕ್ಕಿಸಿದಳು.

“ಇಲ್ಲಿದ್ದರೆ ಚೆನ್ನಾಗಿ ಕಾಣುತ್ತದೆ ಅಜ್ಜಿ.”