ಗಿರವಿ ಅಂಗಡಿಯ ಉಂಗುರ

ರಾತ್ರಿ ಪಾತ್ರೆ ತೊಳೀತಾ ಅಮೆರಿಕದ ಕಂಟ್ರಿ ಗಾಯಕರಾದ ಜಾರ್ಜ್ ಜೋನ್ಸ್, ಟ್ಯಾಮಿ ವೈನೆಟ್ ಜೋಡಿಯ 'ಗೋಲ್ಡನ್ ರಿಂಗ್' ಹಾಡು ಹಾಕ್ಕೊಂಡಿದ್ದೆ. ಮೂರು ನಿಮಿಷದಲ್ಲಿ ಒಂದು ಸಂಸಾರವೇ ಮುಗಿದುಹೋಗುತ್ತೆ. ಶಿಕಾಗೋದ ಗಿರವಿ ಅಂಗಡೀಲಿ ಹುಡುಗ ಹುಡುಗಿ ಉಂಗುರ ಕೊಳ್ತಾರೆ, ಪುಟ್ಟ ಚರ್ಚಲ್ಲಿ ಮದುವೆ, ಆಮೇಲೆ ಜಗಳ. ಅವಳು ಉಂಗುರ ಬಿಸಾಕಿ ಹೊರಟೇಬಿಡ್ತಾಳೆ. ಕೊನೆಗೆ ಅದೇ ಉಂಗುರ ಮತ್ತೆ ಅಂಗಡಿಯಲ್ಲಿ, ಇನ್ಯಾರೋ ಜೋಡಿಗೆ ಕಾಯ್ತಾ.

ಹೊಟ್ಟೆ ಚುರ್ ಅನ್ನಿಸೋದು ಇನ್ನೊಂದು ವಿಷಯ. ಹಾಡಿದ ಇವರಿಬ್ಬರು ನಿಜಕ್ಕೂ ಗಂಡ ಹೆಂಡತಿ ಆಗಿದ್ದವರು. 1969ರಲ್ಲಿ ಮದುವೆ, 1975ರಲ್ಲಿ ಡಿವೋರ್ಸ್. ಈ ಹಾಡು ಬಂದಿದ್ದು 1976ರಲ್ಲಿ! ಕಂಟ್ರಿ ಚಾರ್ಟಲ್ಲಿ ನಂಬರ್ ಒನ್ ಬೇರೆ. ಮನೆ ಮುರಿದುಕೊಂಡವರೇ ಮನೆ ಮುರಿದ ಕಥೇನ ಅಷ್ಟು ಹದವಾಗಿ ಹಾಡೋದು ಹೇಗೆ ಮಾರಾಯ್ರೆ?

ಇನ್ನೊಂದು ಕಂಟ್ರಿ ಗಾಯಕ ಜೋಡಿ ಕಾನ್ವೇ ಟ್ವಿಟ್ಟಿ, ಲೊರೆಟ್ಟಾ ಲಿನ್ ಇದಕ್ಕೆ ಉಲ್ಟಾ. ಇಬ್ಬರದೂ ಬೇರೆ ಬೇರೆ ಸಂಸಾರ. ಆದ್ರೆ 1971ರ 'ಆಫ್ಟರ್ ದ ಫೈರ್ ಈಸ್ ಗಾನ್' ಕೇಳಿದ್ರೆ ಇವರ ಮಧ್ಯೆ ಏನೋ ಇದೆ ಅನ್ನಿಸದೆ ಇರಲ್ಲ. ಹಾಡಿನ ಜೋಡಿಗೆ ಮನೆಯ ಒಲೆ ಆರಿದೆ, ಬೆಚ್ಚಗಿರೋದನ್ನ ಹೊರಗೆ ಹುಡುಕ್ತಾರೆ. ತಪ್ಪು ಅಂತ ಇಬ್ಬರಿಗೂ ಗೊತ್ತು. ಇಂಥ ಹಾಡಲ್ಲಿ ಒಬ್ಬರೇ ಇದ್ದಿದ್ರೆ ಗೋಳಾಗ್ತಿತ್ತು, ಇಲ್ಲಾ ಸಮರ್ಥನೆ ಆಗ್ತಿತ್ತು. ಇಬ್ಬರಿದ್ದಾರೆ, ಹಾಗಾಗಿ ಬೈಯೋಕೂ ಮನಸ್ಸು ಬರಲ್ಲ.

ಸೋಪು ತಾಗುತ್ತೆ ಅಂತ ನನ್ನ ಉಂಗುರ ತೆಗೆದು ಕಿಟಕಿ ಮೇಲಿಟ್ಟಿದ್ದೆ. ಹಾಡು ಮುಗಿದ ತಕ್ಷಣ ಕೈ ಒರೆಸದೇ ಹಾಕ್ಕೊಂಡೆ.